ಹಳದಿ ದಾರದ ಖಣ

ಜನವರಿ 19, ಭಾನುವಾರ

ಸುಶೀಲ್ ಸರ್ ನನ್ನ ಉತ್ತರಕ್ಕೆ ಹಾರ್ಟ್ ಹಾಕಿದರು! ಹೆಬ್ಬೆರಳಲ್ಲ, ಹಾರ್ಟ್! ಅವರು ನಡೆಸುವ ಗ್ರೂಪಿನಲ್ಲಿ ಸಾವಿರಗಟ್ಟಲೆ ಜನ ಇದ್ದಾರೆ, ಸರ್ ಹಾರ್ಟ್ ಹಾಕುವುದು ಯಾವಾಗಲೋ ಒಮ್ಮೆ. ಸ್ಕ್ರೀನ್‌ಶಾಟ್ ತೆಗೆದು ಎರಡು ಕಡೆ ಇಟ್ಟಿದ್ದೇನೆ.

ಹುಬ್ಬಳ್ಳಿಯ ಒಬ್ಬರು ರೆಸಾರ್ಟಿನ ಒಂದು ವಾರ ಕೊಳ್ಳಲು ಹೊರಟಿದ್ದರು. ರೆಸಾರ್ಟಿನವರು ವರ್ಷಕ್ಕೊಂದು ವಾರ ಅಂತ ಇಪ್ಪತ್ತೈದು ವರ್ಷಕ್ಕೆ ಮಾರುತ್ತಾರಲ್ಲ, ಕೊಂಡವರು ಹೋಗಲು ಆಗದಿದ್ದರೆ ಆ ವಾರವನ್ನು ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಹಾಗೆ ಬೇರೆಯವರಿಗೆ ಮಾರುತ್ತಾರೆ. ಮೋಸ ಇರುವುದೆಲ್ಲ ಅಲ್ಲೇ. ನಡುವಿನವನು "ಹೆಸರು ಬದಲಿಸುವ ಖರ್ಚು ಈಗಲೇ ಕಳಿಸಿ, ಸಂಜೆಗೆ ಬೇರೆಯವರಿಗೆ ಹೋಗುತ್ತದೆ" ಅಂದಿದ್ದನಂತೆ. ನಾನು ಬರೆದೆ: "ಸರ್, ಅವಸರ ಮಾಡಿಸುತ್ತಿದ್ದಾನೆ ಅಂದರೆ ನಿಲ್ಲಿ. ರೆಸಾರ್ಟಿಗೆ ನೀವೇ ಫೋನ್ ಮಾಡಿ. ನಂಬರನ್ನು ನೀವೇ ಹುಡುಕಿ, ಅವನು ಕೊಟ್ಟದ್ದು ಬೇಡ. ವಾರ ಯಾರ ಹೆಸರಲ್ಲಿದೆ, ಬಾಕಿ ಏನಾದರೂ ಇದೆಯಾ ಕೇಳಿ. ಮೊದಲು ಫೋನು, ಆಮೇಲೆ ಹಣ."

ಕೊನೆಯ ಸಾಲು ಸುಶೀಲ್ ಸರ್ ಅವರದೇ. ಅದರ ಸ್ಟಿಕ್ಕರ್ ಮಾಡಿದ್ದು ನಾನು. "ಹುಷಾರಿ ಹಾಲಿಡೇ" ಗ್ರೂಪಿನಲ್ಲಿ ಈಗ ಎಲ್ಲರೂ ಅದನ್ನೇ ಹಾಕುತ್ತಾರೆ. ಸರ್ ಮುಖ ಯಾರೂ ನೋಡಿಲ್ಲ. ಫೋಟೋ ಜಾಗದಲ್ಲಿ ಒಂದು ಅಲೆ ಇದೆ ಅಷ್ಟೇ. ಆದರೆ ಅವರ ವಾಯ್ಸ್ ನೋಟ್ ಕೇಳಿದರೆ ಮನೆಯ ಅಣ್ಣ ಮಾತಾಡಿದ ಹಾಗೆ. ಅವರೂ ವಿಜಯಪುರದವರೇ! ನಾನು ಕೆಲಸ ಮಾಡುವ ಗಾಂಧಿ ಚೌಕದ ಪಾತ್ರೆ ಅಂಗಡಿಗೆ ಒಂದು ದಿನ ಬಂದು ಹೋಗಿರಲೂಬಹುದು.

ಅವ್ವನಿಗೆ ಹಾರ್ಟ್ ತೋರಿಸಿದೆ. "ಒಂದ ದಿನ ಕೂಡಲಸಂಗಮ ದಾಟಿ ಆಚಿ ಹೋಗಿಲ್ಲ, ಊರ ಮಂದಿಗೆಲ್ಲಾ ರಜಾ ಪಾಠ ಹೇಳಾಕತ್ತಾಳ ನೋಡ, ದೊಡ್ಡ ಮಾಸ್ತರಿಣಿ!" ಅಂದಳು.

ಜನವರಿ 23

ನಾನು ಗ್ರೂಪಿನ ಅಡ್ಮಿನ್. ಕನಸಲ್ಲ. ಸರ್ ಕೊರಿಯರಿನಲ್ಲಿ ಒಂದು ಚಹಾ ಕಪ್ಪು ಕಳಿಸಿದ್ದಾರೆ, ಅದರ ಮೇಲೆ ನನ್ನ ಸ್ಟಿಕ್ಕರ್ ಅಚ್ಚಾಗಿದೆ. ಪೊಟ್ಟಣದ ಮೇಲೆ ಕಳಿಸಿದವರ ವಿಳಾಸ ಇತ್ತು, ಗೋಳಗುಮ್ಮಟದ ಹಿಂದಿನ ಓಣಿ. ಅಕ್ಷರ ಎಷ್ಟು ದುಂಡಗೆ! ಕಾಗದವನ್ನು ಹರಿಯದೆ ಬಿಡಿಸಿ ಬಟ್ಟೆಯ ನಡುವೆ ಇಟ್ಟಿದ್ದೇನೆ. ಗ್ರೂಪಿನ ಗೆಳತಿ ಶಬನಮಳಿಗೆ ಫೋಟೋ ಕಳಿಸಿದೆ. ಅವಳು ನಮ್ಮ ಊರಲ್ಲೇ ನರ್ಸು. "ಚಾ ಕುಡಿಬ್ಯಾಡ ಅದರಾಗ, ಊದುಬತ್ತಿ ಹಚ್ಚಿ ಪೂಜಾ ಮಾಡು" ಅಂದಳು. ಹೊಟ್ಟೆಕಿಚ್ಚು.

ಜನವರಿ 26

ಟಿಕೋಟಾಕ್ಕೆ ಹೋಗಿ ಬಂದೆ. ರುದ್ರವ್ವ ದೊಡ್ಡವ್ವ, ಅಂದರೆ ನಮ್ಮ ಅವ್ವನ ಅಕ್ಕ, ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂತಿದ್ದಳು. ಹಸಿರು ಗೊಂಚಲುಗಳನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರಡುತ್ತಿದ್ದರು. ಇನ್ನು ಹದಿನೈದು ದಿನಕ್ಕೆ ಅವು ಮಣೂಕ ಆಗುತ್ತವೆ. ಶೆಡ್ಡಿನ ತುಂಬ ಸಿಹಿ ಹುಳಿ ವಾಸನೆ.

ನಾನು ಅಡ್ಮಿನ್ ಆಗಿದ್ದು ಹೇಳಿದೆ. ವರ್ಷಕ್ಕೊಂದು ವಾರ ಅಂದರೇನು ಅಂತ ಅವಳು ಎರಡು ಸಲ ಕೇಳಿದಳು. ಆಮೇಲೆ ಕೈ ಒರೆಸಿಕೊಂಡು, "ಸಮುದ್ರದ ಬಾಜೂಕ ಸಿಗತಾವೇನ?" ಅಂದಳು.

"ಸಿಗತಾವ. ಯಾಕ?"

"ನಾನೂ ರುಕ್ಮಿನೂ ಹೋಗಬೇಕು."

ನನಗೆ ನಂಬಲಾಗಲಿಲ್ಲ. ರುಕ್ಮವ್ವ ಚಿಕ್ಕವ್ವ ಬಬಲೇಶ್ವರದಲ್ಲಿದ್ದಾಳೆ. ಅಕ್ಕ ತಂಗಿ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಯಿತು. ಕಾರಣ ಒಂದು ಖಣ. ರುಕ್ಮವ್ವನ ಮಗಳ ಸೀಮಂತದಲ್ಲಿ ದೊಡ್ಡವ್ವ ಗುಳೇದಗುಡ್ಡದಿಂದ ತರಿಸಿದ ಕುಪ್ಪಸದ ಖಣ ಕೊಟ್ಟು ತಂಗಿಯ ಉಡಿ ತುಂಬಿದ್ದಳು. ಅದೇ ಖಣ ಮನೆಯಿಂದ ಮನೆಗೆ ತಿರುಗಿ, ಮರುವರ್ಷ ಯಾರದೋ ಮದುವೆಯಲ್ಲಿ ದೊಡ್ಡವ್ವನ ಉಡಿಗೇ ಬಂದು ಬಿತ್ತು. "ನಾ ಕೊಟ್ಟಿದ್ದನ್ನ ಮಂದಿಗೆ ದಾಟಿಸ್ಯಾಳ" ಅಂತ ಸಿಟ್ಟು. ಅವತ್ತಿನಿಂದ ದೊಡ್ಡವ್ವ ಯಾರಿಗೆ ಖಣ ಕೊಟ್ಟರೂ ಒಳಮೂಲೆಗೆ ಹಳದಿ ದಾರದಿಂದ ಮೂರು ಹೊಲಿಗೆ ಹಾಕಿ ಕೊಡುತ್ತಾಳೆ. ತಿರುಗಿ ಬಂದರೆ ಗೊತ್ತಾಗಲಿ ಅಂತ. ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತೇವೆ.

"ಸಣ್ಣವರಿದ್ದಾಗ ಸಾಲಿ ಪುಸ್ತಕದಾಗ ಸಮುದ್ರದ ಚಿತ್ರ ಇತ್ತು," ಅಂದಳು. "ಒಂದ ಕೌದ್ಯಾಗ ಮಲಕೊಂಡು ಅದರಾಗ ಕಾಲ ಇಟ್ರ ಹೆಂಗಿರತೈತಿ ಅಂತ ಮಾತಾಡತಿದ್ವಿ."

"ಹಂಗಿದ್ರ ಒಂದ ಸಲ ಬಸ್ಸಿಗೆ ಹೋಗಿ ಬರ್ರಿ. ವಾರ ಕೊಳ್ಳೂದ್ಯಾಕ?"

"ಒಂದ ಸಲ ಕರದ್ರ ಅಕಿ ಬರೂದಿಲ್ಲ. ಮಾರಿ ತಿರುವತಾಳ. ವರ್ಷಾ ಒಂದ ವಾರ ನಮ್ಮದು ಅಂತ ಇದ್ರ, ಈ ವರ್ಷ ಒಲ್ಲೆ ಅಂದ್ರ ಮುಂದಿನ ವರ್ಷ ಕರೀತೇನಿ. ಅಕಿ ಎಷ್ಟ ವರ್ಷ ಮಾರಿ ತಿರುವತಾಳ ನೋಡೂಣು."

ದೊಡ್ಡವ್ವ, ನೀನು ಸೂಪರ್. ಎಲ್ಲಾ ನಾನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ನಮ್ಮ ಹತ್ತಿರ ಸುಶೀಲ್ ಸರ್ ಇದ್ದಾರೆ.

ಫೆಬ್ರುವರಿ 5

ಸಿಕ್ಕಿತು! "ಏಳು ತೆಂಗು" ರೆಸಾರ್ಟು, ಕೊಂಕಣದ ದಂಡೆ, ಬಾಗಿಲು ತೆಗೆದರೆ ಸಮುದ್ರ. ಮಾರುವವರು ಪ್ರಾಚಿ ಅಂತ. ಮೂಲ ನಮ್ಮ ಊರವರೇ, ಗಂಡನಿಗೆ ವರ್ಗವಾಗಿ ಪುಣೆಯಲ್ಲಿದ್ದಾರಂತೆ. ಪೋಸ್ಟಿನ ಮೇಲೆ ಸುಶೀಲ್ ಸರ್ ಅವರ ಹಸಿರು ಗುರುತು ಇದೆ. ಸರ್ ಸ್ವತಃ ಪರೀಕ್ಷೆ ಮಾಡಿದ ವಾರಕ್ಕೆ ಮಾತ್ರ ಆ ಗುರುತು.

ಅದಕ್ಕಿಂತ ದೊಡ್ಡದು, ಸರ್ ನನಗೊಬ್ಬಳಿಗೇ ವಾಯ್ಸ್ ನೋಟ್ ಕಳಿಸಿದರು: "ಶೈಲಾ, ಇದು ಭಾಳ ಚಲೋ ಅದ. ಹೊರಗಿನವರಿಗೆ ಹೋಗೋಕಿಂತ ನಮ್ಮವರಿಗೆ ಸಿಗಲಿ ಅಂತ ಹೇಳಾಕತ್ತೇನಿ." ನಮ್ಮವರು ಅಂದರು. ಏಳು ಸಲ ಕೇಳಿದೆ.

"ಮುಖ ನೋಡದ ನಾ ಯಾರ ಕೂಡನೂ ವ್ಯಾಪಾರ ಮಾಡೂದಿಲ್ಲ" ಅಂತ ದೊಡ್ಡವ್ವನ ಹಟ. ಸರ್‌ಗೆ ಹೇಳಿದೆ. ಪ್ರಾಚಿ ಅಕ್ಕ ಯಾವುದೋ ಲಗ್ನಕ್ಕೆ ಊರಿಗೆ ಬರುತ್ತಾರೆ, ಮನೆಗೇ ಕಳಿಸುತ್ತೇನೆ ಅಂದರು. ಇಷ್ಟು ಯಾರು ಮಾಡುತ್ತಾರೆ?

ಫೆಬ್ರುವರಿ 9, ಭಾನುವಾರ

ಪ್ರಾಚಿ ಅಕ್ಕ ನಮ್ಮ ಮನೆಗೆ ಬಂದಿದ್ದರು. ತಿಳಿನೀಲಿ ಸೀರೆ, ಮೆಲ್ಲಗಿನ ಮಾತು. ದೊಡ್ಡವ್ವ ಈ ಸುಗ್ಗಿಯ ಮೊದಲ ಮಣೂಕದ ಡಬ್ಬಿ ಹಿಡಿದುಕೊಂಡು ಬಸ್ಸಿಗೆ ಬಂದಿದ್ದಳು. ಇಬ್ಬರೂ ಐದೇ ನಿಮಿಷಕ್ಕೆ ತಾಯಿ ಮಗಳ ಹಾಗೆ ಕೂತರು.

"ಮಾರೂದ್ಯಾಕವಾ ಇಷ್ಟ ಚಲೋದು?"

"ನಮ್ಮ ಮನಿಯವರಿಗೆ ರಜಾನ ಸಿಗೂದಿಲ್ಲರಿ. ಖಾಲಿ ಬಿದ್ದದ. ನಿಮ್ಮಂಥವರು ಹೋದ್ರ ಪುಣ್ಯ ಬರತದ."

ದೊಡ್ಡವ್ವನ ಕಣ್ಣು ತುಂಬಿತು. ಒಳಗೆ ಹೋಗಿ ತಟ್ಟೆ ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬದನೆಕಾಯಿ ಬಣ್ಣದ ಖಣ. ಕುಂಕುಮ ಹಚ್ಚಿ ಉಡಿ ತುಂಬಿದಳು. ಮಣೂಕದ ಡಬ್ಬಿಯನ್ನೂ ಅವರ ಚೀಲಕ್ಕೆ ಇಟ್ಟಳು.

ನಾನು ಫೋನ್ ತೆಗೆದೆ. ರೆಸಾರ್ಟಿನ ನಂಬರನ್ನು ನಾನೇ ಹುಡುಕಿ ಇಟ್ಟಿದ್ದೆ. ಮೊದಲು ಫೋನು, ಆಮೇಲೆ ಹಣ. ದೊಡ್ಡವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಏನ ಮಾಡಾಕತ್ತಿ?"

"ಒಂದ ಸಲ ಕೇಳತೇನಿ ದೊಡ್ಡವ್ವ. ನಿಯಮ ಐತಿ."

"ಉಡಿ ತುಂಬೇನಿ ಬೇ ಅಕಿಗೆ! ಉಡಿ ತುಂಬಿದ ಹೆಣ್ಣಮಗಳು ಹೊರಗ ಕುಂತಾಳ, ಇಲ್ಲೆ ನಿಂತು 'ಅಕಿ ಕಳ್ಳಿ ಏನ್ರಿ' ಅಂತ ಮಂದೀನ ಕೇಳತಿ? ನನ್ನ ಮಾರಿಗೆ ಮಸಿ ಹಚ್ಚತಿ?"

ಫೋನ್ ಕೆಳಗಿಟ್ಟೆ. ಆಮೇಲೆ ಹೊಳೆಯಿತು, ಸುಶೀಲ್ ಸರ್ ಈಗಾಗಲೇ ಫೋನ್ ಮಾಡಿರುತ್ತಾರೆ, ಹಸಿರು ಗುರುತು ಅಂದರೆ ಅದೇ ತಾನೆ. ನಾನು ಮತ್ತೆ ಕೇಳಿದರೆ ಸರ್ ಮೇಲೂ ಅನುಮಾನ ಪಟ್ಟ ಹಾಗೆ. ಹಣವನ್ನು ದೊಡ್ಡವ್ವನ ಫೋನಿನಿಂದ ನಾನೇ ಕಳಿಸಿದೆ. ಎಷ್ಟು ಅಂತ ಬರೆಯುವುದಿಲ್ಲ. ದೊಡ್ಡವ್ವನಿಗೆ ಅದು ಹಲವು ಸುಗ್ಗಿಯ ಮಣೂಕ.

ಫೆಬ್ರುವರಿ 12

ಬಬಲೇಶ್ವರ. ಕರೆಯುವ ಕೆಲಸವನ್ನು ದೊಡ್ಡವ್ವ ನನಗೇ ಹಚ್ಚಿದ್ದಳು. ರುಕ್ಮವ್ವ ಚಿಕ್ಕವ್ವ ಜೋಳ ಹಸನು ಮಾಡುತ್ತಾ ತಲೆ ಎತ್ತಲಿಲ್ಲ.

"ಖಣದ ಸಾಹುಕಾರ್ತಿ ಕರಿಯಾಕ ಕಳಿಸ್ಯಾಳೇನ ನಿನ್ನ? ಅಲ್ಲಿ ನಾ ಸಮುದ್ರದ ನೀರ ಮುಟ್ಟಿದ್ರ, 'ನನ್ನ ಸಮುದ್ರ ಮಂದಿಗೆ ದಾಟಿಸಿದಿ' ಅಂತಾಳ."

ನಾನು ಫೋಟೋ ತೋರಿಸಿದೆ. ಬಾಗಿಲು, ಮರಳು, ನೀರು. ಬಹಳ ಹೊತ್ತು ನೋಡಿದಳು. ಮೊರ ಕೆಳಗಿಟ್ಟಳು.

"ಉಸಕಿನ್ಯಾಗ ಚಪ್ಪಲಿ ಹಾಕ್ಕೊಂಡ ನಡಿತಾರೇನ, ಬರೇ ಕಾಲಲೆ ನಡಿತಾರೇನ?"

"ಚಪ್ಪಲಿ ಇರಲಿ, ಉಸುಕು ಸುಡತೈತಿ" ಅಂದೆ. ಬರುತ್ತಾಳೆ! ಬಸ್ಸಿನಲ್ಲಿ ಕೂತೇ ದೊಡ್ಡವ್ವನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮೂಗು ಒರೆಸಿಕೊಂಡ ಸಪ್ಪಳ ಕೇಳಿತು.

ಫೆಬ್ರುವರಿ 27

ಹೆಸರು ಬದಲಾದ ಪತ್ರ ಇನ್ನೂ ಬಂದಿಲ್ಲ. ಪ್ರಾಚಿ ಅಕ್ಕನ ಫೋನ್ ಬಂದ್. ಸರ್‌ಗೆ ಕೇಳಿದರೆ, "ರೆಸಾರ್ಟಿನ ಕೆಲಸ ನಿಧಾನ ಶೈಲಾ, ತಾಳ್ಮಿ ಇರಲಿ." ಸರಿ. ಇವತ್ತು ಗ್ರೂಪಿನಲ್ಲಿ ಮೂವರು ಇದೇ ಪ್ರಶ್ನೆ ಕೇಳಿದರು. ಮೂವರಿಗೂ ಬರೆದೆ: "ಹಸಿರು ಗುರುತು ಇದ್ದರೆ ಚಿಂತೆ ಬೇಡ. ತಾಳ್ಮೆ ಇರಲಿ." ಸರ್ ಮೂರಕ್ಕೂ ಹಾರ್ಟ್ ಹಾಕಿದರು.

ಮಾರ್ಚ್ 3

ಇವತ್ತು ಫೋನ್ ಮಾಡಿದೆ. ನಾನೇ ಹುಡುಕಿದ ನಂಬರಿಗೆ. ಅಂಗಡಿಯ ಹಿಂದೆ ಸ್ಟೀಲ್ ಕೊಡಗಳ ನಡುವೆ ನಿಂತು.

ಅಲ್ಲಿನ ಹುಡುಗಿ ಪ್ರಾಚಿ ಅಕ್ಕ ಕೊಟ್ಟಿದ್ದ ಸದಸ್ಯತ್ವದ ನಂಬರನ್ನು ಎರಡು ಸಲ ಹೇಳಿಸಿಕೊಂಡಳು. "ಮೇಡಂ, ಈ ನಂಬರು ನಮ್ಮಲ್ಲಿ ಇಲ್ಲವೇ ಇಲ್ಲ. ಪ್ರಾಚಿ ಅನ್ನುವ ಹೆಸರೂ ಇಲ್ಲ. ಹಣ ಕೊಟ್ಟಿಲ್ಲ ತಾನೆ? ನಿಮ್ಮ ಹಾಗೆಯೇ ಈಚೆಗೆ ಇನ್ನೂ ಕೆಲವರು ಕೇಳಿದರು."

ಒಂದು ಕೊಡ ಕೈತಾಗಿ ಬಿತ್ತು. ಮಾಲೀಕರು ಬೈದರು. ಏನು ಬೈದರು ಕೇಳಿಸಲಿಲ್ಲ.

ಸರ್‌ಗೆ ಬರೆದೆ. ಕೂಡಲೇ ವಾಯ್ಸ್ ನೋಟ್ ಬಂತು: "ಅಯ್ಯೋ ಶೈಲಾ, ನನಗೂ ಮೋಸ ಮಾಡ್ಯಾಳ ಅಕಿ. ಗ್ರೂಪಿನಾಗ ಹೇಳಬ್ಯಾಡ, ಮಂದಿ ಗಾಬರಿ ಆಗತಾರ. ಅಕಿನ್ನ ನಾ ಹಿಡೀತೇನಿ. ನಿನ್ನ ಮ್ಯಾಲ ಭರೋಸಾ ಅದ ನನಗ."

ಪಾಪ ಸರ್. ಅವರಿಗೆ ಎಷ್ಟು ನೋವಾಗಿರಬೇಕು.

ಮಾರ್ಚ್ 4

ಶಬನಮ ಹಸಿರು ಗುರುತಿನ ಇನ್ನೊಂದು ವಾರ ನೋಡಿದ್ದಾಳಂತೆ. "ಅಮ್ಮೀಗೆ ಊಟಿ ತೋರಸಬೇಕು, ತಗೊಳ್ಳಲೇನ ಅಡ್ಮಿನ್ ಬಾಯಿ?" ಅಂದಳು. ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕೊನೆಗೆ "ಸ್ವಲ್ಪ ತಡಿ" ಅಂತ ಮಾತ್ರ ಕಳಿಸಿದೆ.

"ಯಾಕ?"

ಉತ್ತರ ಕೊಡಲಿಲ್ಲ.

ಮಾರ್ಚ್ 9, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಸರ್ ನಾಲ್ಕು ದಿನದಿಂದ ಉತ್ತರ ಕೊಟ್ಟಿಲ್ಲ. ಕಪ್ಪಿನ ಪೊಟ್ಟಣದ ಕಾಗದ ತೆಗೆದು ವಿಳಾಸ ನೋಡಿಕೊಂಡು ಹೋದೆ. ಜಗಳಕ್ಕೆ ಹೋಗಿರಲಿಲ್ಲ. ಇಬ್ಬರೂ ಸೇರಿ ಠಾಣೆಗೆ ಹೋಗೋಣ ಅಂತ ಕರೆಯಲು ಹೋಗಿದ್ದೆ. ಗುಮ್ಮಟದ ಹಿಂದಿನ ಓಣಿಯಲ್ಲಿ ಹಸಿರು ಬಾಗಿಲಿನ ಮನೆ. ವಯಸ್ಸಾದ ಒಬ್ಬರು ತುಳಸಿಗೆ ನೀರು ಹಾಕುತ್ತಿದ್ದರು.

"ಸುಶೀಲ್ ಸರ್ ಅದಾರೇನ್ರಿ? ನಾ ಶೈಲಾ. ಅವರ ಗ್ರೂಪಿನಾಕಿ."

"ಸುಶೀಲೇಂದ್ರ ಈಗ ಹೊರಗ ಹೋಗ್ಯಾನ, ಬರತಾನ. ಬಾ ಒಳಗ. ಬಿಸಲಾಗ ಬಂದೀದಿ, ಮಾರಿ ಹೆಂಗ ಕೆಂಪಾಗ್ಯದ ನೋಡು!"

ಅವರು ಸಖೂಬಾಯಿ, ಸರ್ ಅವರ ತಾಯಿ. ಕಪ್ಪಿನ ಮಾತು ತೆಗೆದೆ. ನಕ್ಕರು. "ಅವನ ಪೊಟ್ಟಣಾ ಎಲ್ಲಾ ನಾನ ಕಟ್ಟತೇನಿ. ಅವನ ಅಕ್ಷರ ಅವನಿಗೇ ತಿಳಿಯೂದಿಲ್ಲ." ಹಾಗಾದರೆ ಆ ದುಂಡು ಅಕ್ಷರ ಇವರದು.

ಶಿರಾ ಕೊಟ್ಟರು. ಬೇಡ ಅಂದರೆ ಕೇಳಲಿಲ್ಲ. ತುಪ್ಪದಲ್ಲಿ ಹುರಿದ ಮಣೂಕ ದಪ್ಪಗೆ ಉಬ್ಬಿದ್ದವು. "ಮಣೂಕ ಭಾಳ ರುಚಿ ಅದಾವರಿ" ಅಂದೆ. ಎರಡನೇ ಸಲವೂ ಹಾಕಿಸಿಕೊಂಡೆ. ಅವರು ಮಗನ ಬಗ್ಗೆ ಹೇಳುತ್ತಲೇ ಇದ್ದರು, ಎಲ್ಲರಿಗೂ ಸಹಾಯ ಮಾಡುತ್ತಾನೆ, ದಿನವೆಲ್ಲ ಫೋನಿನಲ್ಲೇ ಇರುತ್ತಾನೆ, ಕಣ್ಣು ಕೆಡಿಸಿಕೊಂಡಿದ್ದಾನೆ.

ಸರ್ ಬರಲಿಲ್ಲ. ಏಳುತ್ತೇನೆ ಅಂದೆ.

"ತಡಿ ತಡಿ. ಮೊದಲನೇ ಸಲ ಮನಿಗೆ ಬಂದ ಹುಡಿಗಿ. ಹಂಗ ಬರೇ ಹಣೀಲೆ ಕಳಸೂದಿಲ್ಲ."

ಕುಂಕುಮ ಹಚ್ಚಿದರು. ಕೈಯಲ್ಲಿ ಒಂದು ಖಣ ಇಟ್ಟರು. ಬದನೆಕಾಯಿ ಬಣ್ಣದ್ದು.

ಒಳಮೂಲೆ ತಿರುವಿ ನೋಡಿದೆ. ಹಳದಿ ದಾರ. ಮೂರು ಹೊಲಿಗೆ.

"ಇದು... ಎಲ್ಲಿ ತಗೊಂಡ್ರಿ?"

"ತಗೊಂಡಿದ್ದಲ್ಲವಾ. ನಮ್ಮ ಪೂರ್ವಾ, ಸುಶೀಲನ ತಂಗಿ, ಅಕಿಗೆ ಯಾರೋ ಟಿಕೋಟಾದವರು ಉಡಿ ತುಂಬಿದ್ರಂತ. ಅಕಿ ಇಂಥಾವು ತೊಡೂದಿಲ್ಲ. ನೀ ಈಗ ತಿಂದ ಮಣೂಕನೂ ಅವರು ಕೊಟ್ಟವ. ಭಾಳ ಒಳ್ಳೆ ಮಂದಿಯಂತ."

ಅವರ ತಲೆಯ ಹಿಂದೆ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಅಣ್ಣ ತಂಗಿ. ತಂಗಿ ತಿಳಿನೀಲಿ ಸೀರೆ ಉಟ್ಟಿದ್ದಳು. ಪ್ರಾಚಿ ಅಕ್ಕ.

ಖಣ ಎದೆಗೆ ಹಿಡಿದುಕೊಂಡು ಹೊರಗೆ ಬಂದೆ. "ಮತ್ತ ಬಾರವಾ ಶೈಲಾ" ಅಂದರು. ಹಿಂತಿರುಗಿ ನೋಡಿ "ಹೂಂನ್ರಿ" ಅಂದೆ. ಯಾಕೆ ಹಾಗೆ ಅಂದೆನೋ.

ಮಾರ್ಚ್ 10

ಗ್ರೂಪಿನಲ್ಲಿ ಎಲ್ಲಾ ಬರೆದೆ. ಮೆಸೇಜು ಮಾಯ. ಮತ್ತೆ ಬರೆದೆ. ಈ ಸಲ ನಾನೇ ಮಾಯ. ಅಡ್ಮಿನ್ ಅಲ್ಲ, ಸದಸ್ಯಳೂ ಅಲ್ಲ.

ಆಮೇಲೆ ಅವನ ವಾಯ್ಸ್ ನೋಟ್ ಬಂತು. ಅದೇ ಅಣ್ಣನ ದನಿ. "ಶೈಲಾ, ಖಣ ಹಿಡಕೊಂಡು ಠಾಣಾಕ್ಕ ಹೋಗತೀ ಏನು? ಊರಾಗ ಬದನೀಕಾಯಿ ಬಣ್ಣದ ಖಣ ಎಷ್ಟ ಅದಾವ? 'ಹಸಿರು ಗುರುತು ಇದ್ರ ಚಿಂತಿ ಬ್ಯಾಡ' ಅಂತ ಮಂದಿಗೆ ಬರದಾಕಿ ನೀನು. ಎಲ್ಲಾ ನನ್ನ ಹತ್ರ ಅದ. ಮೊದಲ ನಿನ್ನ ಕೇಳತಾರ."

ಜೊತೆಗೆ ಮೂರು ಸ್ಕ್ರೀನ್‌ಶಾಟು. ನನ್ನ ಮೂರು ಉತ್ತರ. ಅವನ ಮೂರು ಹಾರ್ಟ್ ಸಮೇತ.

ಶಬನಮಳಿಗೆ ಫೋನ್ ಮಾಡಿ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಹಣ ಕಳಿಸಿರಲಿಲ್ಲ. ಆಮೇಲೆ ಅಂದಳು: "ಆವತ್ತ ಯಾಕ ಅಂತ ಕೇಳಿದ್ನೆಲ್ಲ ಶೈಲಾ. ಹೇಳಲಿಲ್ಲ ನೀ."

ಗ್ರೂಪಿನಲ್ಲಿ ಪ್ರಶ್ನೆ ಕೇಳಿದ್ದ ಆ ಮೂವರ ನಂಬರು ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಬೈದರು. ಒಬ್ಬರು ಅತ್ತರು. ಒಬ್ಬರು ಎತ್ತಲಿಲ್ಲ, ಅಂಗಡಿಯಿಂದ ಮತ್ತೆ ಮಾಡಿದೆ, ಆಗ ಎತ್ತಿದರು.

ಮಾರ್ಚ್ 12

ದೊಡ್ಡವ್ವನಿಗೆ ಹೇಳಿದೆ. ಶೆಡ್ಡಿನಲ್ಲಿ, ಮಣೂಕ ಆರಿಸುವ ಹೆಂಗಸರು ಊಟಕ್ಕೆ ಹೋದಾಗ. ಹಣದ ಮಾತಿಗೆ ಅವಳ ಮುಖ ಅಲುಗಲಿಲ್ಲ. ಖಣ ತೆಗೆದು ಕೈಯಲ್ಲಿಟ್ಟೆ. ಮೂಲೆ ತಿರುವಿದಳು. ಹಳದಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು, ಆಡಿಸುತ್ತಲೇ ಇದ್ದಳು.

"ಉಡಿ ತುಂಬಿದ್ನೆಲ್ಲ ಬೇ," ಅಂದಳು. "ಮಗಳ ಅಂತ ತುಂಬಿದ್ನಿ."

ಆಮೇಲೆ ಎದ್ದಳು. "ನಡಿ ಬಬಲೇಶ್ವರಕ್ಕ. ಅಕಿಗೆ ನಾನ ಹೇಳಬೇಕು. ನಾ ಕರದೇನಿ ಅಕಿನ್ನ."

ರುಕ್ಮವ್ವ ಚಿಕ್ಕವ್ವ ಅಕ್ಕನನ್ನು ಬಾಗಿಲಲ್ಲಿ ನೋಡಿ ನೀರು ಕೊಡುವುದನ್ನೂ ಮರೆತಳು. ದೊಡ್ಡವ್ವ ನಿಂತೇ ಹೇಳಿದಳು. ಖಣವನ್ನು ಮುಂದೆ ಒಗೆದಳು.

"ನೋಡ, ನಂದ ಮತ್ತ ನಮಗ ತಿರುಗಿ ಬಂದೈತಿ."

"ಕೊಟ್ಟಾಕಿ ಯಾರು?"

"ಆ ಹುಡುಗನ ಅವ್ವ. ಪಾಪ, ಅಕಿಗೇನೂ ಗೊತ್ತಿಲ್ಲ. ಮಗಳು ಮನ್ಯಾಗ ಇಟ್ಟಿದ್ಲು, ಅಕಿ ತಗದು ಕೊಟ್ಟಾಳ."

ರುಕ್ಮವ್ವ ಖಣ ಎತ್ತಿ ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು.

"ಅಕಿಗೇನೂ ಗೊತ್ತಿಲ್ಲ," ಅಂದಳು. "ಯಾರೋ ಮಂದಿ ಹೆಂಗಸು, ಅಕಿ ಮಾತ ನಂಬತಿ. ಅವತ್ತ ನಾ ಹೇಳಿದ್ನಿ, ನಮ್ಮತ್ತಿ ನನ್ನ ಟ್ರಂಕ ತಗದು ಕೊಟ್ಟಾಳ, ನನಗ ಗೊತ್ತಿಲ್ಲ ಯಕ್ಕಾ ಅಂತ. ನಿಮ್ಮ ಮನಿ ಕಟ್ಟೀ ಮ್ಯಾಲ ನಿಂತು ಅತ್ತು ಹೇಳಿದ್ನಿ. ನೀ ಬಾಗಲಾ ಹಾಕ್ಕೊಂಡಿ."

ದೊಡ್ಡವ್ವ ಅಲ್ಲೇ ನೆಲದ ಮೇಲೆ ಕೂತಳು. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದ್ದು. ರುಕ್ಮವ್ವ ಸಮಾಧಾನ ಮಾಡಲಿಲ್ಲ. ಎದುರಿಗೆ ಕೂತುಕೊಂಡಳು, ಅಷ್ಟೇ.

ಗೋಡೆಗೆ ಒಂದು ಜೊತೆ ಹೊಸ ನೀಲಿ ರಬ್ಬರ್ ಚಪ್ಪಲಿ ಒರಗಿಸಿಟ್ಟಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

"ಉಸಕಿನ್ಯಾಗ ನಡಿಯಾಕ ಅಂತ ತಂದ್ನಿ. ನೀ ಹೇಳಿದಿ ಅಂತ."

ಮಾರ್ಚ್ 14

ಸೈಬರ್ ಠಾಣೆ. ನಾನೂ ದೊಡ್ಡವ್ವನೂ ದೂರು ಕೊಟ್ಟೆವು. ನನ್ನ ಮೂರು ಉತ್ತರಗಳನ್ನು ನಾನೇ ಮೊದಲು ತೋರಿಸಿದೆ. ಅಲ್ಲಿನ ಪೊಲೀಸ್ ಮೇಡಂ ಓದಿದರು. "ಇದನ್ನ ನೀ ಯಾಕ ತೋರಸಾಕತ್ತಿ?" ಅಂದರು. "ಅಂವ ತೋರಸೂಕಿಂತ ಮೊದಲ ನೋಡ್ರಿ ಅಂತ" ಅಂದೆ.

ಮಾರ್ಚ್ 21

ಸುಶೀಲನ ಮನೆ ತೋರಿಸಲು ನನ್ನನ್ನೂ ದೊಡ್ಡವ್ವನನ್ನೂ ಕರೆದುಕೊಂಡು ಹೋಗಿದ್ದರು. ಠಾಣೆಯ ಮೇಡಂ ಮತ್ತು ಒಬ್ಬ ಮಹಿಳಾ ಪೇದೆ. ಅವನು ಮನೆಯಲ್ಲಿದ್ದ. ಬನಿಯನ್, ದಪ್ಪ ಕನ್ನಡಕ. ದನಿ ಮಾತ್ರ ಗುರುತು ಸಿಕ್ಕಿತು. ನಾನು ಇಷ್ಟು ದಿನ ಆ ದನಿಗೆ ಬೇರೆ ಮುಖ ಹಚ್ಚಿದ್ದೆ. ತಂಗಿ ಪುಣೆಯಲ್ಲಿದ್ದಾಳೆ, ಊರಿಗೆ ಬಂದೇ ಇಲ್ಲ ಅಂದ. ಟಿಕೋಟಾ ಯಾವ ದಿಕ್ಕಿಗಿದೆ ಗೊತ್ತಿಲ್ಲ ಅಂದ. ಈ ಹುಡುಗಿ ಯಾರೋ ಅಂದ.

ಮೇಡಂ ಸಖೂಬಾಯಿಯ ಕಡೆ ತಿರುಗಿದರು. "ಈ ಖಣ ನೀವ ಕೊಟ್ರಿ ಅಂತಾಳರಿ ಈಕಿ. ಖರೇ ಏನು?"

ಸಖೂಬಾಯಿ ನನ್ನನ್ನು ನೋಡಿದರು. ಮಗನನ್ನು ನೋಡಿದರು. ಅವರಿಗೆ ಎಲ್ಲಾ ಗೊತ್ತಾಗಿತ್ತು. ಮುಖ ಹನ್ನೆರಡು ದಿನದಲ್ಲಿ ಬತ್ತಿಹೋಗಿತ್ತು.

"ಇಲ್ಲರಿ," ಅಂದರು. "ಈ ಹುಡಿಗೀನ್ನ ನಾ ನೋಡೇ ಇಲ್ಲ."

ಶಿರಾ ತಿನ್ನು ಅಂದ ಬಾಯಿ. ಮಾರಿ ಕೆಂಪಾಗಿದೆ ಅಂದ ಬಾಯಿ. ಅವನು ಹೇಳಿದ ಸುಳ್ಳು ಒಂದೂ ನನಗೆ ಇಷ್ಟು ನಾಟಿರಲಿಲ್ಲ. ದೊಡ್ಡವ್ವ ನನ್ನ ಕೈ ಹಿಡಿದಳು. ಮೇಡಂ ಪೆನ್ನು ಮುಚ್ಚಿದರು. ಎಲ್ಲರೂ ಎದ್ದೆವು.

"ತಡೀರಿ," ಅಂದರು ಸಖೂಬಾಯಿ.

ಒಳಗೆ ಹೋಗಿ ಕುಂಕುಮದ ಬರಣಿ ತಂದರು. ಹೆಣ್ಣುಮಕ್ಕಳು ಮನೆಗೆ ಬಂದಿದ್ದೇವೆ, ಹೇಗೆ ಕಳಿಸುತ್ತಾರೆ. ಮಗ "ಅವ್ವಾ, ಇದೆಲ್ಲಾ ಯಾಕ ಈಗ" ಅಂದ. ಅವರಿಗೆ ಕೇಳಿಸಲಿಲ್ಲ. ಕೈ ತಾನೇ ನಡೆಯುತ್ತಿತ್ತು. ಮೇಡಂಗೆ ಹಚ್ಚಿದರು. ಪೇದೆಗೆ ಹಚ್ಚಿದರು. ದೊಡ್ಡವ್ವನಿಗೆ ಹಚ್ಚುವಾಗ ಕಣ್ಣು ಕೆಳಗಿತ್ತು. ನನ್ನ ಹಣೆಗೆ ಬೆರಳು ಇಟ್ಟರು.

"ಈ ಸಲಾ ಏನೂ ತಿನ್ನದ ಹೊಂಟಿಯಲ್ಲವಾ" ಅಂದರು.

ಬೆರಳು ನನ್ನ ಹಣೆಯ ಮೇಲೇ ನಿಂತಿತು.

ಮೇಡಂ ಪೆನ್ನಿನ ಮುಚ್ಚಳ ತೆಗೆದ ಸಪ್ಪಳ. "ಹೋದ ಸಲಾ ಏನ ತಿಂದಿದ್ಲರಿ?" ಅಂದರು, ಮೆಲ್ಲಗೆ.

ಸಖೂಬಾಯಿ ಮಗನ ಕಡೆ ನೋಡಲಿಲ್ಲ. ಬರಣಿ ಹಿಡಿದುಕೊಂಡೇ ಕೂತರು. "ಶಿರಾ," ಅಂದರು.

ಆಮೇಲೆ ಎಲ್ಲಾ ಹೇಳಿದರು. ನಾನು ಹೊರಗೆ ಬಂದು ತುಳಸಿಯ ಹತ್ತಿರ ನಿಂತೆ. ಗೆದ್ದೆ ಅಂತ ಅನ್ನಿಸಲಿಲ್ಲ.

ಮಾರ್ಚ್ 22

ಹಣ ಬರುತ್ತದೋ ಇಲ್ಲವೋ, ಬಂದರೂ ವರ್ಷಗಟ್ಟಲೆ ಅಂತ ಮೇಡಂ ಹೇಳಿದ್ದಾರೆ. ಖಣವನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಹೊಡೆದು ಇಟ್ಟುಕೊಂಡರು.

ಸಂಜೆ ಟಿಕೋಟಾಕ್ಕೆ ಹೋದೆ. ರುಕ್ಮವ್ವ ಚಿಕ್ಕವ್ವ ಬಂದಿದ್ದಳು. ಶೆಡ್ಡಿನಲ್ಲಿ ನೀಲಿ ರಬ್ಬರ್ ಚಪ್ಪಲಿ ಹಾಕಿಕೊಂಡು, ದ್ರಾಕ್ಷಿ ಅದ್ದುವ ತೊಟ್ಟಿಯ ಪಕ್ಕ, ಚೆಲ್ಲಿದ ನೀರಿನಲ್ಲಿ ನಿಂತಿದ್ದಳು.

"ಪೊಲೀಸರು ಖಣ ಇಟ್ಕೊಂಡ್ರಂತ?" ಅಂದಳು.

"ಹೂಂ," ಅಂದಳು ದೊಡ್ಡವ್ವ. "ಮುದ್ರಿ ಹೊಡದಾರ."

"ಚಲೋ ಆತು ಬಿಡು. ನಿಂದು ಒಂದರ ಖಣ ಒಂದ ಕಡಿ ಕುಂತಿತು."

ದೊಡ್ಡವ್ವ ಒಂದು ಹಿಡಿ ಹಸಿ ದ್ರಾಕ್ಷಿ ಅವಳ ಮೇಲೆ ಎಸೆದಳು. ಸಮುದ್ರದ ಮಾತು ಯಾರೂ ಎತ್ತಲಿಲ್ಲ.

ರಾತ್ರಿ ಅವ್ವ ನನ್ನ ಮುಖ ನೋಡಿ ಕೇಳಿದಳು, "ಮುಂಜಾನಿ ಜಳಕಾ ಮಾಡಿದಿ, ಸಂಜೀಕ ಮಾರಿ ತೊಳದಿ. ನಿನ್ನಿ ಕುಂಕುಮ ಹಂಗ ಐತೆಲ್ಲ?"

ಕನ್ನಡಿ ನೋಡಿದೆ. ಹೌದು. ಸುತ್ತಲೂ ತೊಳೆದಿದ್ದೇನೆ.